ತಿಳಿನೀರಿನ ಶಿಲ್ಪಿ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕನ್ನಂಬಾಡಿಯ ಕಟ್ಟೆ. ಹೊಲಗದ್ದೆಗಳಿಗೆ ನೀರುಣಿಸಿದ ಈ ಮಹನೀಯರು ಜನರಿಗೆ ಶುದ್ಧವಾದ ಕುಡಿಯುವ ನೀರನ್ನು ಒದಗಿಸುವುದಕ್ಕಾಗಿಯೂ ಅಷ್ಟೇ ಶ್ರದ್ಧೆಯಿಂದ ದುಡಿದರು.

ವಿಶ್ವೇಶ್ವರಯ್ಯನವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ವಿದ್ಯಾಭ್ಯಾಸ ಮುಂದುವರಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಸಿಂಧೂ ನದಿಯ ದಡದ ಸುಕ್ಕೂರು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನದಿ ತುಂಬಿ ಹರಿಯುತ್ತಿದ್ದರೂ ಅದರ ನೀರು ಕುಡಿಯಲು ಯೋಗ್ಯವಾಗಿರಲಿಲ್ಲ. ಮಳೆಗಾಲದಲ್ಲಿ ಶೃಂಗೇರಿ, ಕೊಪ್ಪಗಳ ಕಡೆ ತುಂಗೆ ಕೆಂಪಾಗಿ ಹರಿಯುವುದನ್ನು ಕಂಡವರು ಆ ಕೆಸರುನೀರನ್ನು ಊಹಿಸಿಕೊಳ್ಳಬಹುದು. ಅದನ್ನು ಸೋಸಲು ಮರಳಿನ ಹಾಸುಗಳನ್ನು ಕಟ್ಟಬೇಕಾಗಿತ್ತು. ಆದರೆ ಪುರಸಭೆಯಲ್ಲಿ ಅಷ್ಟು ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ಧೃತಿಗೆಡಲಿಲ್ಲ. ನದಿಯ ಪಾತ್ರವೇ ಒಂದು ದೊಡ್ಡ ಮರಳಿನ ಹಾಸು ಎಂಬುದನ್ನು ಅವರು ಗಮನಿಸಿದರು. ದಡದ ಸಮೀಪ ನದಿಯ ಪಾತ್ರದಲ್ಲಿಯೇ ಬಾವಿಯೊಂದನ್ನು ತೋಡಿಸಿ, ಅದರ ತಳದಿಂದ ನದಿಯ ಅಡಿಗೆ ಸುರಂಗವನ್ನು ಕೊರೆಸಿದರು. ಮರಳಿನ ಮೂಲಕ ಇಳಿದ ನೀರು ಕೆಸರನ್ನು ಮೇಲೆಯೇ ಬಿಟ್ಟು, ತಿಳಿಯಾಗಿ ಬಾವಿಯನ್ನು ಸೇರಿತು. ಅದನ್ನು ಯಂತ್ರದಿಂದ ಗುಡ್ಡದ ಮೇಲಕ್ಕೇರಿಸಿ ಕೊಳವೆಗಳ ಮೂಲಕ ಊರಿಗೆ ಹಂಚಲಾಯಿತು. 1895ರಲ್ಲಿ ಈ ಕಾರ್ಯ ಪೂರ್ಣಗೊಂಡಿತು.

ಮುಂದೆ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ, 1962ರಲ್ಲಿ ತುಂಬುಬಾಳನ್ನು ಮುಗಿಸಿದರು.

ಮರಳು ಕೆಸರನ್ನು ತಡೆಯುತ್ತದೆ. ಕರಗಿದ ವಿಷವನ್ನು ತಡೆಯಲಾರದು. ಅವರ ಹುಟ್ಟೂರಿನ ಜಿಲ್ಲೆಯಲ್ಲಿಯೇ ಇಂದು ಆಳವಾದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ನೋಟಕ್ಕೆ ತಿಳಿಯಾದ ಆ ನೀರು ಹಲ್ಲುಗಳಲ್ಲಿ ಕಲೆ ಮೂಡಿಸಿ ಮೂಳೆಗಳನ್ನು ಕೆಡಿಸುತ್ತದೆ. ಇದಕ್ಕೆ ವಿಜ್ಞಾನವು ಕಂಡುಕೊಂಡ ಒಂದು ಉಪಾಯ ತೆಳುಪೊರೆಯ ಸೋಸುವಿಕೆ. ಹತ್ತಿಯಲ್ಲಿಯೂ ಮರದಲ್ಲಿಯೂ ಇರುವ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿದರೆ ಸೆಲ್ಯುಲೋಸ್ ಅಸಿಟೇಟ್ ದೊರೆಯುತ್ತದೆ. 1960ರ ಸುಮಾರಿಗೆ ಸಿಡ್ನಿ ಲೋಬ್ ಮತ್ತು ಭಾರತೀಯ ವಿಜ್ಞಾನಿ ಶ್ರೀನಿವಾಸ ಸೌರಿರಾಜನ್ ಅವರು ಅಮೆರಿಕದಲ್ಲಿ ಇದರಿಂದ ಪೊರೆಯನ್ನು ರೂಪಿಸಿದರು. ಒತ್ತಡ ಹಾಕಿದಾಗ ನೀರು ಪೊರೆಯನ್ನು ದಾಟುತ್ತದೆ. ಕರಗಿದ ಲವಣಗಳ ಬಹುಪಾಲು ಹಿಂದೆ ಉಳಿಯುತ್ತದೆ. ನಮ್ಮ ಹಳ್ಳಿಗಳ ಅನೇಕ ಶುದ್ಧ ಕುಡಿಯುವ ನೀರಿನ ಘಟಕಗಳು ಇದೇ ತತ್ತ್ವದಿಂದ ನಡೆಯುತ್ತವೆ. ಅವುಗಳಲ್ಲಿ ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವುದು ಪಾಲಿಅಮೈಡ್ ಪೊರೆ.

ಸಾಧನಗಳು ಬದಲಾದರೂ ಸುಕ್ಕೂರಿನ ಪಾಠ ಹಳತಾಗಿಲ್ಲ. ಬಡವರ ಊರಿಗೂ ಎಟುಕುವ ವೆಚ್ಚದಲ್ಲಿ ಶುದ್ಧವಾದ ನೀರನ್ನು ಒದಗಿಸಿದಾಗಲೇ ವಿದ್ಯೆ ಸಾರ್ಥಕವಾಗುತ್ತದೆ.