ಕಲ್ಲಚ್ಚಿನಿಂದ ಮೊಬೈಲಿನವರೆಗೆ: ರೆವರೆಂಡ್ ಹರ್ಮನ್ ಮೊಗ್ಲಿಂಗ್ ತೋರಿದ ದಾರಿ

ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ಅದರ ಸಂಪಾದಕರು ರೆವರೆಂಡ್ ಹರ್ಮನ್ ಮೊಗ್ಲಿಂಗ್. ಅವರು ಕಥೋಲಿಕರಲ್ಲ, ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು. ಆದರೂ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ನಮ್ಮ ವಿಶ್ವಾಸಿಗಳೂ ಉಪದೇಶಿಗಳೂ ಅವರಿಂದ ಕಲಿಯುವುದು ಬಹಳವಿದೆ.

ಮೊಗ್ಲಿಂಗ್ 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ದೈವಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದರು. ಮೊದಲು ಕನ್ನಡ ಕಲಿತರು. ಆ ಕಾಲಕ್ಕೆ ಹೊಸ ತಂತ್ರಜ್ಞಾನವೆಂದರೆ ಕಲ್ಲಚ್ಚು. ಅದರಲ್ಲಿಯೇ ಹದಿನೈದು ದಿನಕ್ಕೊಮ್ಮೆ ‘ಸಮಾಚಾರ’ ಅಚ್ಚಾಗುತ್ತಿತ್ತು. ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಪರದೇಶದ ಸುದ್ದಿ, ಕಥೆ, ಹಿತವಚನ ಎಲ್ಲವೂ ಅದರಲ್ಲಿದ್ದವು. ಗಾಳಿಮಾತನ್ನೇ ನಂಬಿಕೊಂಡಿದ್ದ ಜನರಿಗೆ ನಿಜವಾದ ಸುದ್ದಿ ತಲುಪಿಸುವುದು ಅವರ ಉದ್ದೇಶವಾಗಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಅದೇ ವರ್ಷ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಜ್ಞಾನಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಆದರೂ ಮೊಗ್ಲಿಂಗ್ ಇಲ್ಲಿಯ ಜನರಿಗೆ ಬೆನ್ನು ತಿರುಗಿಸಲಿಲ್ಲ. ಮುಂದಿನ ವರ್ಷಗಳಲ್ಲಿ, ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ, ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಹೊರತಂದರು. ಅದರಲ್ಲಿ ಅಚ್ಚಾದದ್ದು ಬೈಬಲ್ ಅಲ್ಲ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು! ಓಲೆಗರಿಯಲ್ಲಿದ್ದ ಕನ್ನಡದ ಸಂಪತ್ತನ್ನು ಒಬ್ಬ ಕ್ರೈಸ್ತ ಬೋಧಕರು ಅಚ್ಚಿಗೆ ತಂದರು.

ಇದು ನಮಗೆ ದೂರದ ಮಾತಲ್ಲ. ದಾಸಪರಂಪರೆಯ ಕನಕದಾಸರ ಊರು ಶಿಗ್ಗಾವಿ ತಾಲ್ಲೂಕಿನ ಬಾಡ. ಮೊಗ್ಲಿಂಗರ ಸಮಕಾಲೀನರಾದ ಸಂತ ಶಿಶುನಾಳ ಶರೀಫರು (1819–1889) ಅದೇ ತಾಲ್ಲೂಕಿನವರು. ಬಸವಣ್ಣನವರನ್ನು ಪೂಜಿಸುವ ಮನೆಗಳ ನಡುವೆಯೇ ನಮ್ಮ ಕುಟುಂಬಗಳು ಬಾಳುತ್ತಿವೆ.

ಮೊಗ್ಲಿಂಗ್ ನಂತರ ಕೊಡಗಿನಲ್ಲಿ ದುಡಿದರು. 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕ ಬರೆದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರ ಕನ್ನಡ ಸೇವೆಗಾಗಿ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ತಾಯ್ನಾಡಿಗೆ ಮರಳಿ, 1881ರಲ್ಲಿ ಅಲ್ಲಿಯೇ ದೈವಾಧೀನರಾದರು.

ಅವರಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆ ಕಾಲದ ಇತರ ಮಿಷನರಿಗಳಂತೆ ಅವರೂ ಇಲ್ಲಿಯ ಆಚಾರಗಳನ್ನು ಕಟುವಾಗಿ ಟೀಕಿಸಿದ್ದುಂಟು. ಆದರೆ ತಾವು ಯಾರೊಂದಿಗೆ ವಾದಿಸುತ್ತಿದ್ದರೋ ಅವರ ಗ್ರಂಥಗಳನ್ನೂ ಅವರು ಓದಿದರು. ತಮ್ಮ ವಿಶ್ವಾಸವನ್ನು ಅವರು ಎಂದೂ ಮರೆಮಾಚಲೂ ಇಲ್ಲ.

ಇಂದು ವಾಟ್ಸಾಪಿನಲ್ಲಿ ನಮ್ಮ ವಿಶ್ವಾಸವನ್ನು ಹಳಿಯುವ ಸಂದೇಶ ಬಂದರೆ ನಮ್ಮ ಯುವಜನರ ಕೈ ಕೂಡಲೇ ಉತ್ತರಿಸಲು ಧಾವಿಸುತ್ತದೆ. ಸಿಟ್ಟಿನಲ್ಲಿ ಒತ್ತಿದ ಒಂದು ಫಾರ್ವರ್ಡ್ ಕ್ಷಣದಲ್ಲಿ ಊರೆಲ್ಲ ಸುತ್ತುತ್ತದೆ. ದೊಡ್ಡ ನಗರದಲ್ಲಿ ಅದು ಮರೆತುಹೋಗಬಹುದು. ನಾಲ್ಕು ಕ್ರೈಸ್ತ ಮನೆಗಳಿರುವ ಹಳ್ಳಿಯಲ್ಲಿ ಅದೇ ಮಾತು ಹತ್ತಾರು ವರ್ಷಗಳ ನೆರೆಹೊರೆಯ ಸಂಬಂಧವನ್ನು ಕಡಿದುಹಾಕಬಲ್ಲದು. ಇನ್ನು ಸುಮ್ಮನಿದ್ದುಬಿಡುವುದೂ ಪರಿಹಾರವಲ್ಲ. ನಮ್ಮ ನಿರೀಕ್ಷೆಯ ಕಾರಣ ಕೇಳಿದವರಿಗೆ ವಿನಯದಿಂದ, ಗೌರವದಿಂದ ಉತ್ತರ ಕೊಡಲು ಸಿದ್ಧರಿರಬೇಕೆಂದು ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಬೋಧಿಸಿದ್ದಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸಂಪರ್ಕ ಮಾಧ್ಯಮಗಳ ಸದುಪಯೋಗಕ್ಕೆ ಕರೆಕೊಟ್ಟಿತು. 2010ರ ವಿಶ್ವ ಸಂಪರ್ಕ ದಿನದಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು ಗುರುಗಳನ್ನು ಡಿಜಿಟಲ್ ಲೋಕದ ಸೇವೆಗೆ ಆಹ್ವಾನಿಸಿದರು.

ಆದ್ದರಿಂದ ನಮ್ಮ ಉಪದೇಶಿಗಳೂ ಯುವಜನರೂ ಮೂರು ಅಭ್ಯಾಸಗಳನ್ನು ಬೆಳೆಸಿಕೊಳ್ಳಲಿ. ಸುದ್ದಿ ನಿಜವೇ ಎಂದು ವಿಚಾರಿಸದೆ ಯಾರಿಗೂ ಕಳುಹಿಸಬಾರದು, ಅದು ನಮ್ಮ ಪರವಾಗಿದ್ದರೂ ಸರಿಯೇ. ನೆರೆಯವರ ವಚನ, ಪದ, ತತ್ವಗಳನ್ನು ಗೌರವದಿಂದ ತಿಳಿದುಕೊಳ್ಳಬೇಕು. ಶುಭಸಂದೇಶವನ್ನು ನಮ್ಮ ನೆಲದ ಸವಿಗನ್ನಡದಲ್ಲಿ ಧೈರ್ಯವಾಗಿ ಹೇಳಬೇಕು. ಕಲ್ಲಚ್ಚಿಗೆ ಒಂದೊಂದು ಪುಟವನ್ನೂ ಕೈಯಲ್ಲೇ ಬರೆಯಬೇಕಿತ್ತು. ಮೊಬೈಲಿಗೆ ಬೆರಳ ತುದಿ ಸಾಕು. ಅಂದಿನ ಆ ತಾಳ್ಮೆಯನ್ನು ದೇವರು ಇಂದು ನಮ್ಮ ಬೆರಳಿಗೂ ದಯಪಾಲಿಸಲಿ.