ನನ್ನ ಪದವಿಪತ್ರದ ಮೇಲಿನ ಹೆಸರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಗುರುಗಳು ಫೋನ್ ಮಾಡಿದ ದಿನ ನನ್ನ ಬಿ.ಇ. ಪದವಿಪತ್ರವನ್ನು ತೆಗೆದು ನೋಡಿದೆ. ಅದರ ಮೇಲಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರು. ಆ ಹೆಸರಿನ ಹಿಂದಿನ ವ್ಯಕ್ತಿಯ ಬಗ್ಗೆಯೇ ನಾಲ್ಕು ಮಾತು ಬರೆಯೋಣ ಎನಿಸಿತು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, ಪರೀಕ್ಷೆಯಲ್ಲಿ ಮೊದಲಿಗರಾದರು.

ನಂತರ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ವಿಜಾಪುರ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ತಂದರು. ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಅವು ತಾವಾಗಿಯೇ ತೆರೆಯುತ್ತಿದ್ದವು, ಇಳಿದರೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಒಡ್ಡನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಿದ ಉಪಾಯವದು. ನಾರಾಯಣಪುರ ಡ್ಯಾಮಿನ ಗೇಟು ನೋಡಿ ಬೆಳೆದ ನಮಗೆ ಅದರ ಬೆಲೆ ತಿಳಿಯುತ್ತದೆ. ಆದರೆ ಮುಖ್ಯ ಎಂಜಿನಿಯರ್ ಹುದ್ದೆ ಆಗ ಭಾರತೀಯರ ಕೈಗೆ ಎಟುಕುವಂತಿರಲಿಲ್ಲ. 1908ರಲ್ಲಿ ಅವರು ಆ ಸೇವೆಯಿಂದ ಹೊರಬಂದರು. ಅದೇ ವರ್ಷ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿತು. ನಗರವನ್ನು ಕಾಪಾಡುವ ಯೋಜನೆ ಹಾಕಿಕೊಟ್ಟವರು ಇವರೇ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಶುರುವಾಯಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಅಳೆದು, ಲೆಕ್ಕ ಹಾಕಿ, ಅವಧಿ ಗೊತ್ತುಮಾಡಿ ಕೆಲಸ ಮುಗಿಸುವ ಎಂಜಿನಿಯರನ ಅಭ್ಯಾಸವನ್ನೇ ಅವರು ಆಡಳಿತಕ್ಕೂ ತಂದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಕಾನೂನು ಬಂತು. ಆರು ವರ್ಷಗಳಲ್ಲಿ ಸಾಲಿ ಕಲಿಯುವ ಮಕ್ಕಳ ಸಂಖ್ಯೆ ದುಪ್ಪಟ್ಟಿಗೂ ಮೀರಿತು.

ಇಲ್ಲಿಯವರೆಗಿನದು ಭಾಷಣಗಳಲ್ಲಿ ಕೇಳಿದ ಕಥೆ. ಮುಂದಿನದನ್ನೂ ಹೇಳಬೇಕು. ಸರಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯದವರಿಗೆ ಪಾಲು ಬೇಕೆಂಬ ಬೇಡಿಕೆ ಆಗ ಎದ್ದಿತ್ತು. ಮಹಾರಾಜರು 1918ರಲ್ಲಿ ಅದಕ್ಕಾಗಿ ಮಿಲ್ಲರ್ ಸಮಿತಿ ನೇಮಿಸಿದರು. ಶಿಕ್ಷಣ ಹರಡಿದರೆ ಸಾಕು, ಅರ್ಹತೆಯೊಂದೇ ಅಳತೆಗೋಲಾಗಿರಲಿ ಎಂಬುದು ದಿವಾನರ ನಿಲುವು. ಇಬ್ಬರ ದಾರಿ ಬೇರೆಯಾಯಿತು. ಆ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. ಆದರೆ ನಾಡಿನ ಕೆಲಸ ಬಿಡಲಿಲ್ಲ. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿ ನಿಲ್ಲಿಸಿದರು, 1934ರಲ್ಲಿ ದೇಶದ ಆರ್ಥಿಕ ಯೋಜನೆ ಕುರಿತು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ನನ್ನ ಅಪ್ಪ ಒಕ್ಕಲಿಗತನ ಮಾಡುವವರು. ನಮ್ಮ ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೇ ಮೊದಲು. ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು ಹಿಂದುಳಿದ ವರ್ಗದ ಮೀಸಲಾತಿಯಲ್ಲಿ. ಇದನ್ನು ಬಹಳ ದಿನ ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಇಲ್ಲಿ ಹೇಳಲು ಸಂಕೋಚವಿಲ್ಲ, ಇದು ನನ್ನ ಸಾಲಿ. ವಿಶ್ವೇಶ್ವರಯ್ಯನವರು ಬಯಸಿದ ಸಾಲಿಯೂ ಅವರು ಒಪ್ಪದ ಮೀಸಲಾತಿಯೂ ಕೂಡಿಯೇ ನನ್ನನ್ನು ಎಂಜಿನಿಯರನನ್ನಾಗಿ ಮಾಡಿದವು. ಬಾಗಿಲು ಮುಚ್ಚಿದ್ದರೆ ಹೇಗಿರುತ್ತದೆ ಎಂಬುದನ್ನು ಮುಂಬಯಿ ಸೇವೆಯಲ್ಲಿ ಕಂಡಿದ್ದ ಅವರಿಗೆ ಈ ಮಾತು ಯಾಕೆ ಒಪ್ಪಿಗೆಯಾಗಲಿಲ್ಲವೋ ಎಂದು ಇಂದಿಗೂ ಯೋಚಿಸುತ್ತೇನೆ. ಆದರೂ ಪ್ರತಿ ಸೆಪ್ಟೆಂಬರ್ 15ರಂದು ಅವರಿಗೆ ಮನಸಾರೆ ಕೈಮುಗಿಯುತ್ತೇನೆ. ದೊಡ್ಡವರನ್ನು ಗೌರವಿಸಲು ಅವರ ಎಲ್ಲ ಮಾತನ್ನೂ ಒಪ್ಪಲೇಬೇಕೆಂದಿಲ್ಲ.

ಈ ಸಾಲಿಯಲ್ಲಿ ಈಗ ಕಲಿಯುತ್ತಿರುವ ತಮ್ಮ ತಂಗಿಯರೇ, ಅವರಂತೆ ಲೆಕ್ಕ ಹಾಕಿ ಕೆಲಸ ಮಾಡಿರಿ. ನಿಮ್ಮ ಹಿಂದೆ ಬರುವವರಿಗೆ ಬಾಗಿಲು ತೆರೆದಿಡಿರಿ. ನನ್ನನ್ನು ಅಲ್ಲಿಯವರೆಗೆ ಕಳಿಸಿದ ನಾಲತವಾಡದ ಗುರುಹಿರಿಯರಿಗೆ ಶರಣು.