ವಾಲೇಸ್ ಎಚ್. ಕೌಲ್ಟರ್ (1913–1998): ರಕ್ತಕಣ ಎಣಿಕೆ ಯಂತ್ರದ ಜನಕ

ರಕ್ತದ ಕ್ಯಾನ್ಸರ್ ಇದೆಯೆಂದು ಶಂಕಿಸಲಾದ ರೋಗಿಗೆ ಮೊದಲು ಮಾಡಿಸುವ ಪರೀಕ್ಷೆಗಳಲ್ಲಿ ಸಂಪೂರ್ಣ ರಕ್ತಕಣ ಎಣಿಕೆಯು ಪ್ರಮುಖವಾದುದು. ಈ ಪರೀಕ್ಷೆಯನ್ನು ಯಂತ್ರದ ಮೂಲಕ ನಡೆಸಲು ದಾರಿ ತೋರಿದವರು ಅಮೆರಿಕದ ವಾಲೇಸ್ ಹೆನ್ರಿ ಕೌಲ್ಟರ್.

ಜನನ ಮತ್ತು ವೃತ್ತಿ

ಕೌಲ್ಟರ್ ಅವರು 1913ರ ಫೆಬ್ರವರಿ 17ರಂದು ಅರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್ ನಗರದಲ್ಲಿ ಜನಿಸಿದರು. ಜಾರ್ಜಿಯಾ ತಾಂತ್ರಿಕ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ವ್ಯಾಸಂಗ ಮಾಡಿದ ನಂತರ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಕ್ಷ-ಕಿರಣ ಉಪಕರಣಗಳ ಮಾರಾಟ ಮತ್ತು ದುರಸ್ತಿ ಕಾರ್ಯಕ್ಕಾಗಿ ಮನಿಲಾ, ಶಾಂಘೈ, ಸಿಂಗಪುರ ಮುಂತಾದೆಡೆ ಸಂಚರಿಸಿದರು. ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಸಿಬ್ಬಂದಿಯು ಸೂಕ್ಷ್ಮದರ್ಶಕದ ಮುಂದೆ ಬಾಗಿ ಕುಳಿತು ರಕ್ತಕಣಗಳನ್ನು ಒಂದೊಂದಾಗಿ ಎಣಿಸುತ್ತಿದ್ದುದನ್ನು ಅವರು ಗಮನಿಸಿದರು. 1941ರಲ್ಲಿ ಜಪಾನ್ ಸೇನೆಯ ಆಕ್ರಮಣದ ಭೀತಿಯಿಂದ ಸಿಂಗಪುರವನ್ನು ತೊರೆದು, ಭಾರತದ ಮಾರ್ಗವಾಗಿ ದೀರ್ಘ ಪ್ರಯಾಣ ಮಾಡಿ ಸ್ವದೇಶ ಸೇರಿದರು.

ಆವಿಷ್ಕಾರ

ಯುದ್ಧಾನಂತರ ಷಿಕಾಗೋದಲ್ಲಿ ನೆಲೆಸಿದ ಕೌಲ್ಟರ್ ಅವರು ಸೋದರ ಜೋಸೆಫ್ ಅವರೊಂದಿಗೆ ಪ್ರಯೋಗದಲ್ಲಿ ತೊಡಗಿದರು. ಸಿಗರೇಟು ಪೊಟ್ಟಣದ ತೆಳು ಹಾಳೆಯಲ್ಲಿ ಕಾದ ಸೂಜಿಯಿಂದ ಮಾಡಿದ ರಂಧ್ರವೇ ಮೊದಲ ಸಾಧನವಾಯಿತು. ಉಪ್ಪಿನ ದ್ರಾವಣದಲ್ಲಿ ತೇಲುವ ರಕ್ತಕಣವು ವಿದ್ಯುತ್ ಹರಿಯುತ್ತಿರುವ ಕಿರಿದಾದ ರಂಧ್ರವನ್ನು ದಾಟುವಾಗ ವಿದ್ಯುತ್ ರೋಧವು ಕ್ಷಣಕಾಲ ಹೆಚ್ಚುತ್ತದೆ. ಇಂತಹ ಏರಿಕೆಗಳ ಸಂಖ್ಯೆಯಿಂದ ಕಣಗಳ ಎಣಿಕೆಯೂ, ಪ್ರತಿ ಏರಿಕೆಯ ಪ್ರಮಾಣದಿಂದ ಕಣದ ಗಾತ್ರವೂ ತಿಳಿಯುತ್ತದೆ. ಇದೇ ಕೌಲ್ಟರ್ ತತ್ತ್ವ. ಬರಿಯ ರಂಧ್ರಕ್ಕೆ ಪೇಟೆಂಟ್ ದೊರೆಯದೆಂದು ವಕೀಲರು ಹಿಂಜರಿದರೂ, 1953ರ ಅಕ್ಟೋಬರ್ 20ರಂದು ಪೇಟೆಂಟ್ ಮಂಜೂರಾಯಿತು.

ಮೂವತ್ತು ನಿಮಿಷ ಹಿಡಿಯುತ್ತಿದ್ದ ಎಣಿಕೆಯು 15 ಸೆಕೆಂಡುಗಳಿಗೆ ಇಳಿಯಿತು. ಕೈಯಿಂದ ಎಣಿಸುವುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಕಣಗಳನ್ನು ಎಣಿಸುತ್ತಿದ್ದುದರಿಂದ ದೋಷವು ಸುಮಾರು ಹತ್ತನೆಯ ಒಂದು ಭಾಗಕ್ಕೆ ತಗ್ಗಿತು. 1958ರಲ್ಲಿ ಸೋದರರು ಕೌಲ್ಟರ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯನ್ನು ನೋಂದಾಯಿಸಿದರು. 1968ರಲ್ಲಿ ಬಂದ 'ಮಾದರಿ ಎಸ್' ಯಂತ್ರವು ರಕ್ತದ ಏಳು ಅಳತೆಗಳನ್ನು ಒಂದೇ ಬಾರಿಗೆ ನೀಡಿತು.

ರಕ್ತದ ಕ್ಯಾನ್ಸರ್ ಮತ್ತು ಯಂತ್ರದ ಮಿತಿ

ಕೀಮೋಥೆರಪಿ ಪಡೆಯುವ ರೋಗಿಯ ಬಿಳಿ ರಕ್ತಕಣ ಮತ್ತು ಕಿರುಬಿಲ್ಲೆಗಳ ಸಂಖ್ಯೆಯನ್ನು ಪದೇ ಪದೇ ಅರಿಯಬೇಕಾಗುತ್ತದೆ. ಶೀಘ್ರ ಎಣಿಕೆಯಿಂದ ಇದು ಸುಲಭಸಾಧ್ಯವಾಯಿತು. ಆದರೆ ಗಾತ್ರವೊಂದರಿಂದಲೇ ಅಪಕ್ವ ಕ್ಯಾನ್ಸರ್ ಕಣವನ್ನು ಗುರುತಿಸಲಾಗದು. ಆದಕಾರಣ ನಂತರದ ಯಂತ್ರಗಳಲ್ಲಿ ಬೆಳಕಿನ ಚದುರುವಿಕೆ ಹಾಗೂ ವರ್ಣದ್ರವ್ಯಗಳ ಬಳಕೆಯೂ ಸೇರಿತು. ಇವು ಸಂಶಯಾಸ್ಪದ ಕಣಗಳ ಬಗ್ಗೆ ಎಚ್ಚರಿಕೆಯ ಸೂಚನೆ ನೀಡುತ್ತವೆಯೇ ಹೊರತು ರೋಗನಿರ್ಣಯ ಮಾಡುವುದಿಲ್ಲ. ಸೂಚನೆ ಬಂದಲ್ಲಿ ಗಾಜಿನ ಪಟ್ಟಿಯ ಮೇಲೆ ಲೇಪಿಸಿದ ರಕ್ತವನ್ನು ತಜ್ಞರು ಸೂಕ್ಷ್ಮದರ್ಶಕದಿಂದ ಪರಿಶೀಲಿಸಬೇಕು. ಅಗತ್ಯವಿದ್ದಲ್ಲಿ ಅಸ್ಥಿಮಜ್ಜೆಯ ಪರೀಕ್ಷೆಯನ್ನೂ ಮಾಡಬೇಕು.

ಕೊನೆಯ ದಿನಗಳು

1997ರಲ್ಲಿ ಸಂಸ್ಥೆಯು ಬೆಕ್‌ಮನ್ ಸಂಸ್ಥೆಯ ವಶವಾಯಿತು. ಕೌಲ್ಟರ್ ಅವರು 1998ರ ಆಗಸ್ಟ್ 7ರಂದು ಮಯಾಮಿಯಲ್ಲಿ ನಿಧನರಾದರು. ಅವರ ಸಂಪತ್ತು ಅವರದೇ ಹೆಸರಿನ ಪ್ರತಿಷ್ಠಾನದ ಮೂಲಕ ವೈದ್ಯಕೀಯ ಸಂಶೋಧನೆಗೆ ವಿನಿಯೋಗವಾಯಿತು.

ಸಾರ್ವಜನಿಕರು ಯಂತ್ರದ ವರದಿಯಲ್ಲಿ ಅಸಹಜ ಕಣಗಳ ಸೂಚನೆ ಕಂಡಲ್ಲಿ ಗಾಬರಿಗೊಳ್ಳದೆ, ಉಪೇಕ್ಷೆಯನ್ನೂ ಮಾಡದೆ, ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು.